ಸುಜಾತಕ್ಕನ ಕಳ್ಳಿಯ ಕೂದಲು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ಕೇಳಿ ನಗುವವರಲ್ಲಿ ನಾನೇ ಮುಂದಿದ್ದವಳು. ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ಬೇರೆಯವರು ಬಳಸಿ ಹೋಗುತ್ತಿದ್ದರು, ನಾನು ದಾಟಿ ಹೋಗುತ್ತಿದ್ದೆ. ಅಮಾವಾಸ್ಯೆಯ ದಿನ ಹೊಸ ಬಟ್ಟೆಗೆ ಕತ್ತರಿ ಹಾಕಬಾರದು ಎಂದವರಿಗೆ, ಹಾಗಾದರೆ ಮದುವೆಯ ಬ್ಲೌಸನ್ನು ಮದುವೆ ಮುಗಿದ ಮೇಲೆ ಕೊಡಲೇ ಎಂದು ಕೇಳುತ್ತಿದ್ದೆ. ಪಾಂಡವಪುರದಲ್ಲಿ ಬ್ಲೌಸು ಹೊಲಿದೇ ಅರ್ಧ ಆಯಸ್ಸು ಕಳೆದವಳು ನಾನು. ಅಳತೆ ಕೊಡಲು ಬಂದ ಹೆಂಗಸರು ಮೈಮೇಲೆ ಬಂದ ದೇವರು, ಮನೆ ಹೊಕ್ಕ ಗಾಳಿ, ಎಲ್ಲವನ್ನೂ ನನ್ನ ಮುಂದೆ ಹೇಳಿ ಹೋಗುತ್ತಾರೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೂಂಗುಟ್ಟುತ್ತಿದ್ದೆ, ಅವರು ಮೆಟ್ಟಿಲಿಳಿದ ಮೇಲೆ ನಗುತ್ತಿದ್ದೆ. ಈಗ ನಗುವ ಸರದಿ ನಿಮ್ಮದು. ನನಗೇನೂ ಬೇಸರವಿಲ್ಲ, ಪೂರ್ತಿ ಓದಿದ ಮೇಲೆ ನಕ್ಕರೆ ಸಾಕು.

ನಮ್ಮದು ಕೂಡುಮನೆ. ನನ್ನ ಗಂಡ, ಅವರ ಅಣ್ಣ, ಅಣ್ಣನ ಹೆಂಡತಿ ಸುಜಾತಕ್ಕ, ನಾನು, ಎಲ್ಲರ ಮೇಲೆ ಅತ್ತೆ. ನನ್ನ ಮಗ ಆಗ ಹಾಸ್ಟೆಲಿನಲ್ಲಿದ್ದ. ಸುಜಾತಕ್ಕನಿಗೆ ಮಕ್ಕಳಾಗಲಿಲ್ಲ. ಅದನ್ನು ಅತ್ತೆ ಅವಳಿಗೆ ಒಂದು ದಿನವೂ ಮರೆಯಲು ಬಿಡಲಿಲ್ಲ. ನಾನು ಹೊಸ ಸೊಸೆಯಾಗಿ ಬಂದ ವರ್ಷದ ಮಾತು. ನೆಂಟರ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಂಡಳು ಎಂಬ ಒಂದೇ ತಪ್ಪಿಗೆ ಅತ್ತೆ ಅವಳ ಜಡೆ ಹಿಡಿದು ನಡುಮನೆಯಿಂದ ಹಿತ್ತಲವರೆಗೆ ದರದರ ಎಳೆದುಕೊಂಡು ಹೋದರು. ಮಾರನೆಯ ದಿನ ಸುಜಾತಕ್ಕ ಆ ಜಡೆಯನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡಳು, ಆಮೇಲೆ ಬೆಳೆಯಲು ಬಿಡಲೇ ಇಲ್ಲ. ಅತ್ತೆಯ ಕೂದಲು ಮಾತ್ರ ವಯಸ್ಸಾದರೂ ಸೊಂಟದ ಕೆಳಗೆ ಇಳಿಯುತ್ತಿತ್ತು, ಹತ್ತಿಯಷ್ಟು ಬೆಳ್ಳಗೆ. ಎಳೆಬಿಸಿಲಿಗೆ ಕೂತು ಅದನ್ನು ಬಿಚ್ಚಿ ಹರಡಿಕೊಂಡರೆ ಬೀದಿಯ ಹೆಂಗಸರು ನಿಂತು ನೋಡುತ್ತಿದ್ದರು. ಅತ್ತೆಗೆ ಅದೊಂದು ದೊಡ್ಡ ಹೆಮ್ಮೆ.

ಮಾವ ತೀರಿಕೊಂಡರು, ಅತ್ತೆಯ ಮಂಡಿ ಸೋತಿತು, ಅಡುಗೆಮನೆ ಸುಜಾತಕ್ಕನ ಕೈಗೆ ಬಂತು. ಅಲ್ಲಿಗೆ ಆಟ ತಿರುಗಿತು. ಸುಜಾತಕ್ಕ ಕೂಗಾಡುವವಳಲ್ಲ. ಅತ್ತೆಯ ಮುದ್ದೆಯನ್ನು ಆರಿಸಿ ಕಲ್ಲಾದ ಮೇಲೆ ಬಡಿಸುತ್ತಿದ್ದಳು. ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಅತ್ತೆಯ ಕೈಗೆ ಎಟುಕದಷ್ಟು ಮೇಲೆ ಇಡುತ್ತಿದ್ದಳು. ನಾನು ಇಳಿಸಿ ಕೊಟ್ಟರೆ ಸಂಜೆಯೊಳಗೆ ಅದು ಮತ್ತೆ ಮೇಲೇರಿರುತ್ತಿತ್ತು. ನಡುವೆ ಬಾಯಿ ಹಾಕಿದರೆ ಇಬ್ಬರೂ ಒಂದಾಗಿ ನನ್ನ ಮೇಲೆ ಬೀಳುತ್ತಿದ್ದರು. ಹಾಗಾಗಿ ನಾನು ಮುಂದಿನ ಕೋಣೆಯಲ್ಲಿ ಮೆಷಿನ್ನು ತುಳಿಯುತ್ತಾ ಕೂತೆ.

ಆ ಸಮಯದಲ್ಲಿ ಮನೆಗೆ ಕಳ್ಳಿ ಬಂತು. ಶ್ರೀರಂಗಪಟ್ಟಣಕ್ಕೆ ಮದುವೆಗೆ ಹೋಗಿದ್ದ ಸುಜಾತಕ್ಕ ಹೆದ್ದಾರಿ ಬದಿಯ ನರ್ಸರಿಯಲ್ಲಿ ಅದನ್ನು ಕಂಡು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದಳು. ನಮ್ಮ ಕಡೆ ಬೇಲಿಯಲ್ಲಿ ಬೆಳೆಯುವ ಪಾಪಾಸುಕಳ್ಳಿಯಂತಲ್ಲ. ಮೊಳದುದ್ದದ ಕಂಬ, ನೆತ್ತಿಯಿಂದ ಬುಡದವರೆಗೆ ಉದ್ದನೆಯ ಬಿಳಿ ಕೂದಲು. ಕೂದಲ ಒಳಗೆ ಮುಳ್ಳು ಅಡಗಿರುತ್ತಿತ್ತು, ಮುಟ್ಟಿದವರಿಗೇ ಗೊತ್ತು. ನರ್ಸರಿಯವನು ಅದನ್ನು ಮುದುಕನ ಕಳ್ಳಿ ಅಂದನಂತೆ. ಆ ಮುದುಕನನ್ನು ಸುಜಾತಕ್ಕ ಪುಟ್ಟ ಎಂದು ಕರೆಯುತ್ತಿದ್ದಳು.

ಅದರ ಆರೈಕೆ ನೋಡಬೇಕಿತ್ತು ನೀವು. ಹೊಳೆ ಮರಳು, ಇಟ್ಟಿಗೆ ಚೂರು, ಕೆಮ್ಮಣ್ಣು ಜರಡಿ ಹಿಡಿದು ಕಲಸಿದ ಕುಂಡ, ತಾರಸಿಯ ಮೂಲೆಯಲ್ಲಿ. ಮೇಲೆ ಒಂದೊಂದಾಗಿ ಜೋಡಿಸಿದ ಬಿಳಿ ಹರಳು ಕಲ್ಲು. ನೀರು ಹೆಚ್ಚಾದರೆ ಕೊಳೆಯುತ್ತದೆಂದು ಮಣ್ಣಿಗೆ ಬೆರಳು ಇಳಿಸಿ ನೋಡಿದ ಮೇಲೆ ಒಂದು ಲೋಟ. ಮಳೆಗೆ ಕೊಡೆ. ಧೂಳು ಕೂತು ಕೂದಲು ಕಂದಿದರೆ ಮಗುವಿನ ಶಾಂಪೂ ಹಾಕಿ ಮೇಲಿಂದ ಕೆಳಗೆ ತೊಳೆದು, ಒಣಗಿದ ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಬಾಚುತ್ತಿದ್ದಳು. ಮಗುವಿನ ಶಾಂಪೂ ತರಲು ಅಂಗಡಿಗೆ ಹೋದಾಗ ಅಲ್ಲಿದ್ದವರು ಯಾರಿಗೆ ಎಂದು ಕೇಳಿದರೆ ಮನೆಯಲ್ಲಿ ಪುಟ್ಟ ಇದ್ದಾನೆ ಅನ್ನುತ್ತಿದ್ದಳಂತೆ. ಕೆಳಗೆ ಅತ್ತೆ ಸಿಕ್ಕುಗಟ್ಟಿದ ತಲೆಯಲ್ಲಿ ಬೆರಳಾಡಿಸುತ್ತಾ ಕೂತಿರುತ್ತಿದ್ದರು.

"ನನ್ ತಲೆ ಮುಟ್ಟಕೆ ಅಸಯ್ಯ ಅಂತಾಳೆ, ಮುಳ್ಳಿನ್ ತಲೆ ಬಾಚ್ತಾವ್ಳೆ," ಎಂದು ಅತ್ತೆ ನನಗೆ ಹೇಳಿದ್ದರು. ನಾನು ನಕ್ಕಿದ್ದೆ. ನಗುವಂಥ ಮಾತೇ ಆಗಿತ್ತು ಅದು.

ಈಗ ಹರಕೆಯ ವಿಷಯ ಹೇಳಬೇಕು. ಅತ್ತೆಗೆ ಒಬ್ಬಳೇ ಮಗಳು, ಜಯ. ಬಿಂಡಿಗನವಿಲೆಗೆ ಕೊಟ್ಟಿದ್ದರು. ಎರಡು ಸಲ ಗರ್ಭ ನಿಂತೂ ಇಳಿದುಹೋಗಿತ್ತು. ಮತ್ತೆ ಬಸುರಿಯಾದಳು ಎಂಬ ಸುದ್ದಿ ಬಂದಾಗ ಅತ್ತೆ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಮನೆದೇವರ ಪಟದ ಮುಂದೆ ನಿಂತು, ಈ ಸಲ ಮಗು ಜೀವಂತ ಕೈಗೆ ಬಂದರೆ ನನ್ನ ಮುಡಿ ನಿನಗೆ ಎಂದು ಕೈಮುಗಿದರು. ನಮ್ಮ ಕಡೆ ಹಾಗೆ ಹರಕೆ ಕಟ್ಟಿಕೊಂಡರೆ ಆ ಕೂದಲು ದೇವರಿಗೆ ಮೀಸಲು. ಅದು ತಲೆಯ ಮೇಲಿದ್ದರೂ ತಲೆಯವರದ್ದಲ್ಲ. ಹೆರಿಗೆಯಾಗಿ, ಮನೆದೇವರ ಬೆಟ್ಟಕ್ಕೆ ಹೋಗಿ, ಅಲ್ಲೇ ಮುಡಿ ಕೊಡುವವರೆಗೆ ಯಾರೂ ಅದಕ್ಕೆ ಕತ್ತರಿ ಸೋಕಿಸಬಾರದು. ತನ್ನ ಹೆಮ್ಮೆಯನ್ನೇ ಒತ್ತೆಯಿಟ್ಟರಲ್ಲ ಎಂದು ನನಗೂ ಅಂದು ಅತ್ತೆಯ ಮೇಲೆ ಅಕ್ಕರೆ ಬಂತು. ಸುಜಾತಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಜಯಳಿಗೆ ಏಳು ತಿಂಗಳು ತುಂಬಿದ ಮೇಲೆ ಅತ್ತೆಗೆ ಜ್ವರ ಬಂತು. ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು. ಕೂದಲು ಚಾಪೆಯಂತೆ ಗಂಟುಗಟ್ಟಿತು, ಹೇನು ಬಿತ್ತು. ಜ್ವರ ಇಳಿದ ಮೇಲೆ ಕೂತು ಬಿಡಿಸೋಣ ಅಂದುಕೊಂಡಿದ್ದೆ. ಲೈನಿಂಗ್ ಬಟ್ಟೆ ತರಲು ಮೈಸೂರಿಗೆ ಹೋಗಿ ಸಂಜೆ ಬಂದು ಕೆಲಸಕ್ಕೆ ಕೂತರೆ, ನನ್ನ ಕತ್ತರಿ ಬಟ್ಟೆಯನ್ನು ಕತ್ತರಿಸದೆ ಕಚ್ಚುತ್ತಿದೆ. ಹೊಲಿಗೆಯವರ ಕತ್ತರಿಗೆ ಬಟ್ಟೆ ಬಿಟ್ಟರೆ ಬೇರೇನೂ ತಾಗಬಾರದು, ಮೊಂಡಾಗುತ್ತದೆ. ಅದನ್ನು ನಾನು ಯಾರಿಗೂ ಕೊಡುವುದಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಎರಡು ಅಲಗು ಕೂಡುವ ಮೊಳೆಗೆ ಉದ್ದನೆಯ ಬಿಳಿ ಕೂದಲು ಸುತ್ತಿಕೊಂಡಿತ್ತು.

ಓಡಿಹೋಗಿ ನೋಡಿದರೆ ಅತ್ತೆ ಬೋಳಾಗಿದ್ದರು. ಅಲ್ಲಲ್ಲಿ ಕೊಯ್ದ ಗಾಯ. ಆಗತಾನೆ ಎಚ್ಚರವಾಗಿ ಎರಡೂ ಕೈಯಿಂದ ತಲೆ ತಡವಿಕೊಳ್ಳುತ್ತಿದ್ದರು. ಅವರು ಅಳಲಿಲ್ಲ. ಸುಜಾತಕ್ಕನನ್ನು ಕರೆದು, ಕೂದಲು ಎಲ್ಲಿ ಎಂದಷ್ಟೇ ಕೇಳಿದರು. ಹೇನು ಮನೆಯೆಲ್ಲ ಹರಿಯುತ್ತಿತ್ತು, ಅದಕ್ಕೇ ತೆಗೆದೆ ಎಂದಳು ಅವಳು.

"ಅದು ನಂದಲ್ಲ ಕಣಮ್ಮಿ, ದೇವ್ರುದು. ಎಲ್ಲಿಟ್ಟಿದ್ದೀಯ ಕೊಡು, ಅರಿಶಿನದ ಬಟ್ಟೇಲಿ ಕಟ್ಟಿಡ್ತೀನಿ."

"ಪುಟ್ಟನ ಬುಡಕ್ಕೆ ಹಾಕಿವ್ನಿ. ಕೂದ್ಲು ಒಳ್ಳೆ ಗೊಬ್ಬರವಂತೆ," ಎಂದಳು ಸುಜಾತಕ್ಕ. ಆಮೇಲೆ ಮಂಚದ ಪಕ್ಕಕ್ಕೆ ಬಂದು ಬಗ್ಗಿ, ದನಿ ಏರಿಸದೆ ಕೇಳಿದಳು. "ಇಷ್ಟು ವರ್ಸದಲ್ಲಿ ಸುಜಾತಂಗೊಂದು ಮಗಿ ಆಗ್ಲಿ ಅಂತ ಒಂದೆಳೆ ಕೂದ್ಲು ಹರಕೆ ಕಟ್ಕಂಡಿದ್ರಾ ನೀವು?"

ಅತ್ತೆ ಗೋಡೆ ಕಡೆಗೆ ಮುಖ ತಿರುಗಿಸಿಕೊಂಡರು. ಸಿಟ್ಟಿನಿಂದ ಬೈಯಲು ಬಂದವಳು ಅತ್ತೆಯ ತಲೆಯ ಗಾಯಕ್ಕೆ ಅರಿಶಿನ ತರಲು ಹೋದೆ.

ಮಾರನೆಯ ದಿನ ಅತ್ತೆ ನನ್ನ ಕೈಹಿಡಿದು, ಹೇಗಾದರೂ ಮಾಡಿ ಅದನ್ನು ತೆಗೆದುಕೊಡು, ಜಯಳ ಮಗು ಅದರ ಮೇಲೆ ನಿಂತಿದೆ ಎಂದರು. ನಾನು ತಾರಸಿಗೆ ಹೋಗಿ ಹರಳು ಸರಿಸಿ ಕುಂಡ ಕೆದಕಿದೆ. ಕೂದಲು ಅಲ್ಲೇ ಇತ್ತು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ನನ್ನ ಕಣ್ಣಾರೆ ಕಂಡಿದ್ದೇನೆ. ಬಿಳಿ ಸಿಂಬಿ ಬೇರಿನೊಳಗೆ ಬೇರಾಗಿ ಸುತ್ತಿಕೊಂಡಿತ್ತು. ಅಷ್ಟರಲ್ಲಿ ಸುಜಾತಕ್ಕ ಬಂದು ಕುಂಡಕ್ಕೆ ಅಡ್ಡ ಕೂತಳು. ಬೇರು ಕಿತ್ತರೆ ಪುಟ್ಟ ಸಾಯುತ್ತಾನೆ, ಅವನು ಸತ್ತರೆ ನಾನೂ ಈ ತಾರಸಿಯಿಂದಲೇ ಹಾರುತ್ತೇನೆ ಎಂದಳು. ಹಾರುವವಳೇ ಅವಳು. ನಾನು ಮಣ್ಣು ಮುಚ್ಚಿ ಇಳಿದು ಬಂದೆ.

ಮೈಯಲ್ಲಿ ಒಂದಿಷ್ಟು ಶಕ್ತಿ ಬಂದ ಮೇಲೆ ಅತ್ತೆ ತಾವೇ ಕೈಕಾಲೂರಿಕೊಂಡು ಮೆಟ್ಟಿಲು ಹತ್ತಿದರು. ಒಂದು ರೂಪಾಯಿ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಆ ಕುಂಡಕ್ಕೆ ಬಿಗಿದರು. ಮುಡಿಪು ಕಟ್ಟುವುದೆಂದರೆ ಇದೇ. ಇಲ್ಲಿರುವುದು ದೇವರದ್ದು, ಬೇರೆಯವರು ಮುಟ್ಟಬೇಡಿ ಎಂಬ ಗುರುತು. ಅಂದು ಮಧ್ಯಾಹ್ನ ಸುಜಾತಕ್ಕ ಅದನ್ನು ಬಿಚ್ಚಿ, ಆ ರೂಪಾಯಿಯನ್ನು ಅತ್ತೆಯ ಊಟದ ತಟ್ಟೆಯಲ್ಲಿ ಮುದ್ದೆಯ ಪಕ್ಕ ಇಟ್ಟು ಬಡಿಸಿದಳು. ತಾರಸಿಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಟ್ಟೆ ಒಣಗಿಸಬೇಕೆಂದರೂ ನಾನು ಅವಳನ್ನು ಕೇಳಬೇಕಿತ್ತು.

ಗಿಡ ಮಾತ್ರ ಹಿಗ್ಗಿತು. ಕೂದಲು ಕುಂಡದ ಅಂಚು ದಾಟಿ ಜೋತುಬಿತ್ತು. ಬಂದವರೆಲ್ಲ ಫೋಟೋ ತೆಗೆದುಕೊಂಡರು. ಕೆ.ಆರ್. ಪೇಟೆಯ ತವರಿನಿಂದ ಬಂದ ಅವಳ ತಂಗಿಯರು ಇದೇನು ಹಾಕಿ ಬೆಳೆಸಿದೆ ಎಂದು ಕೇಳಿದರೆ, ಅತ್ತೆಗೆ ಕೇಳುವಂತೆ, ಮನೆ ಗೊಬ್ಬರ ಎಂದು ಉತ್ತರಿಸುತ್ತಿದ್ದಳು.

ಜಯಳಿಗೆ ನೋವು ಶುರುವಾದ ಸುದ್ದಿ ಒಂದು ಬೆಳಿಗ್ಗೆ ನಾಗಮಂಗಲದ ಆಸ್ಪತ್ರೆಯಿಂದ ಬಂತು. ಗಂಡಸರಿಬ್ಬರೂ ಕಾರು ತೆಗೆದರು. ಅತ್ತೆ ಒಳ್ಳೆಯ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು, ಎಲ್ಲರಿಗಿಂತ ಮೊದಲೇ ಕಾರಿನಲ್ಲಿ ಕೂತಿದ್ದರು. ಸುಜಾತಕ್ಕ ಬಾಗಿಲಿಗೆ ಬಂದಳು.

"ಬೋಳು ತಲೆ ಇಟ್ಕಂಡು ಹೆರಿಗೆ ತಾವ್ಕೆ ಓಗ್ತಾರಾ? ಮಗಿಗೆ ಏನಾರ ಎಚ್ಚುಕಮ್ಮಿ ಆದ್ರೆ ಯಾರು ಒಣೆ?"

ಭಾವ ಕೆಳಗಿಳಿದು, ಹಿಂದಿನ ಬಾಗಿಲು ತೆಗೆದು, ತಾಯಿಯ ಮುಖ ನೋಡದೆ ನಿಂತರು. ಅತ್ತೆ ಇಳಿದರು. ಕಾರು ಹೋಯಿತು. ಈ ಒಂದು ದೃಶ್ಯವನ್ನು ನೆನೆದರೆ ಇಂದಿಗೂ ನನಗೆ ನಮ್ಮ ಮನೆಯವರೆಲ್ಲರ ಮೇಲೆ ಅಸಹ್ಯವಾಗುತ್ತದೆ, ನನ್ನ ಮೇಲೂ.

ಹೊತ್ತೇರುತ್ತಿದ್ದಂತೆ ಸುದ್ದಿ ಕೆಟ್ಟಿತು. ಮಗು ಅಡ್ಡ ತಿರುಗಿದೆ, ಎದೆಬಡಿತ ಇಳಿಯುತ್ತಿದೆ, ಆಪರೇಷನ್ನಿಗೆ ತಯಾರಿ ಮಾಡುತ್ತಿದ್ದಾರೆ ಎಂದು ನನ್ನ ಗಂಡ ಫೋನಿನಲ್ಲಿ ಹೇಳಿದರು. ಅತ್ತೆ ಎದ್ದು ಮೆಟ್ಟಿಲು ಹತ್ತಿ, ಬೀಗ ಹಾಕಿದ ತಾರಸಿಯ ಬಾಗಿಲಿಗೆ ಹಣೆಯಿಟ್ಟು ಕೂತರು. ಕೀಲಿ ಕೊಡು ಎಂದು ಮೇಲಿಂದಲೇ ಬೇಡಿದರು. ಸುಜಾತಕ್ಕ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು, ಕೇಳಿಸದವಳಂತೆ ಬಿಡಿಸುತ್ತಲೇ ಇದ್ದಳು. ನನಗೆ ಸುಮ್ಮನೆ ಕೂರಲಾಗದೆ ಬಟ್ಟೆ ಹರಡಿಕೊಂಡೆ. ನಾನು ಕೂತಲ್ಲಿಂದ ಮೆಟ್ಟಿಲೂ ಅತ್ತೆಯ ಬೆನ್ನೂ ಕಾಣುತ್ತಿದ್ದವು. ಹೊರಗೆ ಸುಡುವ ಬಿಸಿಲು, ಒಂದು ಎಲೆ ಅಲುಗುತ್ತಿರಲಿಲ್ಲ.

ಆಗ ಮೇಲಿಂದ ಕತ್ತರಿಯ ಸದ್ದು ಕೇಳಿಸಿತು.

ಕತ್ತರಿಯ ಸದ್ದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಷೌರದವರ ಚಿಕ್ಕ ಕತ್ತರಿಯ ಚಟಪಟ ಬೇರೆ. ಇದು ನಮ್ಮ ದೊಡ್ಡ ಕತ್ತರಿ, ಅಲಗು ಪೂರ್ತಿ ಬಿಚ್ಚಿ, ಬುಡದಿಂದ ತುದಿಯವರೆಗೆ ಮುಚ್ಚುವ ಸದ್ದು. ಅವಸರವಿಲ್ಲದೆ, ಮದುವೆ ಸೀರೆಯ ಬಟ್ಟೆ ಕತ್ತರಿಸುವಷ್ಟು ಜೋಪಾನವಾಗಿ. ನನ್ನ ಕತ್ತರಿ ನನ್ನ ಮುಂದೆ ಮೇಜಿನ ಮೇಲೆ ಬಿದ್ದಿತ್ತು. ಅದರ ಮೇಲೆ ಅಂಗೈ ಒತ್ತಿ ಹಿಡಿದೆ. ಕಬ್ಬಿಣ ತಣ್ಣಗೆ ಅಲುಗದೆ ಇತ್ತು, ಮೇಲೆ ಸದ್ದು ನಡೆದೇ ಇತ್ತು. ನನಗೊಬ್ಬಳಿಗೇ ಕೇಳಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸುಜಾತಕ್ಕ ಮಡಿಲಲ್ಲಿ ಅವರೆಸಿಪ್ಪೆ ಹಿಡಿದುಕೊಂಡೇ ಎದ್ದು ಬಂದು, ಮೇಲೆ ಯಾರು ಎಂದು ನನ್ನನ್ನು ಕೇಳಿದಳು. ಅತ್ತೆ ಬಾಗಿಲಿಗೆ ಒರಗಿದ ಹಣೆಯನ್ನು ಎತ್ತದೆ, ಸುಮ್ಮನಿರಿ ಎಂಬಂತೆ ಕೈ ಹಿಂದಕ್ಕೆ ಆಡಿಸಿದರು.

ಸದ್ದು ನಿಂತಿತು. ಅದರ ಬೆನ್ನಿಗೇ ನನ್ನ ಮೊಬೈಲು ಬಡಿದುಕೊಂಡಿತು. ಆಪರೇಷನ್ ಕೋಣೆಗೆ ಒಯ್ಯುವಷ್ಟರಲ್ಲಿ ಮಗು ತಾನಾಗಿ ತಿರುಗಿತಂತೆ. ಹೆಣ್ಣುಮಗು, ಚೆನ್ನಾಗಿ ಅಳುತ್ತಿದೆ, ಜಯ ಕ್ಷೇಮ. ಫೋನಿನೊಳಗೆ ಆ ಅಳು ನನಗೂ ಕೇಳಿಸಿತು.

ನಾನು ಅದನ್ನು ಕೂಗಿ ಹೇಳುವ ಮೊದಲೇ ಸುಜಾತಕ್ಕ ಮೆಟ್ಟಿಲು ಹತ್ತಿದ್ದಳು. ಅತ್ತೆಯನ್ನು ಪಕ್ಕಕ್ಕೆ ಸರಿಸಿ ಬೀಗ ತೆಗೆದಳು. ನಾನು ಅವಳ ಹಿಂದೆಯೇ ಇದ್ದೆ. ತಾರಸಿ ಖಾಲಿ. ತಂತಿಯ ಮೇಲೆ ಒಗೆದ ಬಟ್ಟೆ ಅಲುಗದೆ ನೇತಾಡುತ್ತಿತ್ತು. ಮೂಲೆಯಲ್ಲಿ ಕುಂಡ, ಕುಂಡದಲ್ಲಿ ಒಂದು ಬೋಳು ಹಸಿರು ಕೊರಡು. ಒಂದೆಳೆ ಕೂದಲೂ ಉಳಿದಿರಲಿಲ್ಲ. ಕಿತ್ತದ್ದಲ್ಲ, ಕಡಿದದ್ದಲ್ಲ, ಬುಡದಿಂದ ಸಮನಾಗಿ ಕತ್ತರಿಸಿದ್ದು. ಕೂದಲು ಮರೆಮಾಡಿದ್ದ ಹಳದಿ ಮುಳ್ಳುಗಳೆಲ್ಲ ಹಾಗೇ ನಿಂತಿದ್ದವು. ನೆಲದ ಮೇಲೆ ಹುಡುಕಿದೆ, ಮೋರಿಯಲ್ಲಿ ಹುಡುಕಿದೆ, ಕೆಳಗಿನ ಹಿತ್ತಲಿಗೂ ಹೋಗಿ ಹುಡುಕಿದೆ. ಕತ್ತರಿಸಿದವರು ಒಂದೆಳೆಯನ್ನೂ ಬಿಟ್ಟುಹೋಗಿರಲಿಲ್ಲ.

ಹರಳು ಕಲ್ಲುಗಳು ಜೋಡಿಸಿದಂತೆಯೇ ಇದ್ದವು. ಸುಜಾತಕ್ಕ ಅವನ್ನು ಚೆಲ್ಲಾಡಿ, ಗಿಡವನ್ನು ಬರಿಗೈಯಲ್ಲಿ ತಬ್ಬಿ ಬುಡಸಮೇತ ಎಳೆದಳು. ಮಣ್ಣು, ಮರಳು, ಇಟ್ಟಿಗೆ ಚೂರು, ಬೇರು. ನಾನು ಕಣ್ಣಾರೆ ಕಂಡಿದ್ದ ಆ ಬಿಳಿ ಸಿಂಬಿ ಅಲ್ಲಿರಲಿಲ್ಲ. ಅವಳ ಅಂಗೈ ತುಂಬ ಮುಳ್ಳು ನೆಟ್ಟು ರಕ್ತ ಬರುತ್ತಿತ್ತು. ಅತ್ತೆ ಬಾಗಿಲಲ್ಲೇ ಕೂತು ಇಣುಕಿ ನೋಡಿದರು, ತಲೆಯ ಸೆರಗು ತೆಗೆದು ಬೋಳನ್ನು ಸವರಿಕೊಂಡರು, ನಕ್ಕರು. ಅಷ್ಟು ವರ್ಷದಲ್ಲಿ ಆ ನಗುವನ್ನು ನಾನು ಕಂಡಿರಲಿಲ್ಲ. ಮತ್ತೆ ಕಾಣುವುದೂ ಬೇಡ.

ನಿಮಗೆ ಬರುವ ಅನುಮಾನಗಳೆಲ್ಲ ನನಗೂ ಬಂದಿವೆ. ಕೋತಿಯ ಕೆಲಸ ಎನ್ನೋಣವೆಂದರೆ ಕೋತಿ ಹರಳು ಚೆಲ್ಲದೆ ಬಿಡುವ ಪ್ರಾಣಿಯಲ್ಲ. ಹಕ್ಕಿಗಳು ಗೂಡಿಗೆ ಒಯ್ದವು ಎನ್ನೋಣವೆಂದರೆ ಬೆಳಿಗ್ಗೆ ನಾನು ಬಟ್ಟೆ ಹಾಕುವಾಗ ತುಂಬುಗೂದಲು ಇತ್ತು, ಮಣ್ಣೊಳಗಿನದನ್ನು ಹಕ್ಕಿ ಹೇಗೆ ತೆಗೆಯಿತು? ಅತ್ತೆ ನನ್ನ ಕಣ್ಣೆದುರೇ ಇದ್ದರು, ಕೀಲಿ ಸುಜಾತಕ್ಕನ ಸೊಂಟದಲ್ಲಿತ್ತು. ಪಕ್ಕದ ಮನೆಯ ತಾರಸಿಯಿಂದ ನಮ್ಮದಕ್ಕೆ ಹಾರಲು ಆಗುವುದಿಲ್ಲ. ಸುಜಾತಕ್ಕನೇ ಯಾವಾಗಲೋ ಗಿಡ ಬದಲಾಯಿಸಿಟ್ಟಿದ್ದಳೇನೋ ಎಂದೂ ಯೋಚಿಸಿದೆ, ಆದರೆ ಆ ಅಂಗೈ ನೋಡಿದವರು ಹಾಗೆ ಹೇಳಲಾರರು. ಅಲ್ಲಿಗೆ ನನ್ನ ಬುದ್ಧಿ ಮುಗಿಯಿತು.

ಮಗುವಿಗೆ ಹೆಸರಿಡುವ ದಿನ ಜಯ ನಮ್ಮ ಮನೆಗೆ ಬಂದಳು. ಅತ್ತೆಗೆ ಆಗ ಬೆರಳುದ್ದ ಕೂದಲು ಚಿಗುರಿತ್ತು. ಮಗು ಕೈಯಿಂದ ಕೈಗೆ ದಾಟುತ್ತಾ ಸುಜಾತಕ್ಕನ ಹತ್ತಿರ ಬಂತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡೂ ತೋಳು ಚಾಚಿದಳು. ಅತ್ತೆ ನಡುವೆ ಬಂದು ಮಗುವನ್ನು ತೆಗೆದುಕೊಂಡರು.

"ನಿನ್ ಕೈಗೆ ಮುಳ್ಳಾಗೈತೆ ಬುಡವ್ವ. ಮಗಿಗೆ ಚುಚ್ತದೆ."

ಗಾಯ ಮಾಯ್ದು ಎಷ್ಟೋ ಕಾಲವಾಗಿತ್ತು. ಸುಜಾತಕ್ಕ ತನ್ನ ಅಂಗೈಗಳನ್ನು ನೋಡಿಕೊಂಡಳು, ಆಮೇಲೆ ಊಟದೆಲೆ ಹಾಕಲು ಒಳಗೆ ಹೋದಳು. ಜಯ ತಲೆ ತಗ್ಗಿಸಿದಳು. ಮಗು ಅತ್ತೆಯ ಮೋಟುಗೂದಲನ್ನು ಹಿಡಿಯಲು ಕೈ ಆಡಿಸುತ್ತಿತ್ತು.

ನೆಂಟರೆಲ್ಲ ಹೋದ ಮೇಲೆ, ತಡೆಯಲಾರದೆ ಅತ್ತೆಯನ್ನು ಕೇಳಿಯೇಬಿಟ್ಟೆ. ನಿಮ್ಮ ಕೂದಲು ದೇವರಿಗೆ ಮೀಸಲಾಗಿತ್ತು, ಅವನು ಒಯ್ದ ಅಂತಲೇ ಇಟ್ಟುಕೊಳ್ಳೋಣ. ಗಿಡದ ಕೂದಲನ್ನು ಯಾರೂ ಅವನಿಗೆ ಹರಕೆ ಹೊತ್ತಿರಲಿಲ್ಲ. ಅದು ಸುಜಾತಕ್ಕನದು, ಅವಳಿಗಿದ್ದದ್ದು ಅದೊಂದೇ. ಅದನ್ನು ಯಾಕೆ ಒಯ್ದ?

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಬಡ್ಡಿ ಕಣವ್ವ," ಎಂದರು.

ಆ ಉತ್ತರ ನನಗೆ ಸಾಲದು. ಅತ್ತೆಗೆ ದೇವರು ಸ್ಪಷ್ಟವಾಗಿದ್ದಾನೆ, ನನಗಿಲ್ಲ. ಅಂದು ಮೇಲೆ ಬಂದವರು ಯಾರೇ ಆಗಿರಲಿ, ಒಂದು ಮಗುವನ್ನು ಉಳಿಸಿದವರು ಇನ್ನೊಬ್ಬಳನ್ನು ಅಷ್ಟು ನೀಟಾಗಿ ಬೋಳಿಸಿ ಹೋದದ್ದು ನನಗೆ ಇಂದಿಗೂ ನ್ಯಾಯವಾಗಿ ಕಾಣುವುದಿಲ್ಲ. ನಿಂಬೆಹಣ್ಣು ಕಂಡರೆ ಈಗ ನಾನೂ ಬಳಸಿ ಹೋಗುತ್ತೇನೆ.

ಕಳ್ಳಿ ಸಾಯಲಿಲ್ಲ. ಸುಜಾತಕ್ಕ ಅದನ್ನು ಮತ್ತೆ ಕುಂಡದಲ್ಲಿ ನಿಲ್ಲಿಸಿದಳು, ಅದು ಬೇರು ಹಿಡಿದು, ಗೇಣುದ್ದ ಬೆಳೆದೂ ಇದೆ. ಕೂದಲು ಮಾತ್ರ ಬಂದಿಲ್ಲ. ಮೊನ್ನೆ ಬೆಳಿಗ್ಗೆ ಬಟ್ಟೆ ಹರಡಲು ಹೋದಾಗ ಅವಳು ಬ್ರಷ್ಷು ಹಿಡಿದುಕೊಂಡು ಕುಂಡದ ಮುಂದೆ ಕೂತಿದ್ದಳು. ಶಾಂಪೂ ಬಾಟಲಿ ಪಕ್ಕದಲ್ಲಿತ್ತು. ಮೇಲಿಂದ ಕೆಳಗೆ, ಮೇಲಿಂದ ಕೆಳಗೆ, ಮುಳ್ಳಿನ ಮೇಲೆ ಬ್ರಷ್ಷು ಕರಕರ ಎನ್ನುತ್ತಿತ್ತು. ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟಳು.

"ನಿನ್ ಕಣ್ಣು ಚೆಂದಾಗವೆ, ಸೂಜಿಗೆ ದಾರ ಪೋಣಿಸೋಳು ನೀನು. ಒಂದೆಳೆನಾರ ಬಂದೈತಾ ನೋಡಮ್ಮಿ."

ನಾನು ಬಗ್ಗಿ ನೋಡಿದೆ, ಸುತ್ತಲೂ ನೋಡಿದೆ. ಏನೂ ಇರಲಿಲ್ಲ. ಇಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಅಕ್ಕ, ಸಂಜೆ ಬಂದು ನೋಡುತ್ತೇನೆ ಎಂದು ಹೇಳಿ ಕೆಳಗಿಳಿದು ಬಂದೆ.